ರೆಕ್ಕೆ ಮುರಿದಿಲ್ಲ, ದಯವಿಟ್ಟು ಒತ್ತಬೇಡಿ

ಪ್ರಶ್ನೆ: ಹೊರದೇಶದಲ್ಲಿರುವ ನನ್ನ ತಮ್ಮ ಮಗನ ಹುಟ್ಟುಹಬ್ಬಕ್ಕೆ ವಿಯೆಟ್ನಾಂ ಯುದ್ಧಕಾಲದ ಫ್ಯಾಂಟಮ್ ವಿಮಾನದ ಲೋಹದ ಮಾದರಿಯನ್ನು ಕಳುಹಿಸಿದ್ದಾನೆ. ಪೆಟ್ಟಿಗೆಯ ಮೇಲೆ 1:72 ಎಂದಿದೆ, ಬಾಲದ ಮೇಲೆ ‘ಎಫ್‌ಜಿ’ ಎಂಬ ಅಕ್ಷರಗಳಿವೆ. ರೆಕ್ಕೆಗಳ ತುದಿ ಮೇಲಕ್ಕೆ ಬಾಗಿದೆ, ಬಾಲದ ಎರಡೂ ಹಲಗೆಗಳು ಕೆಳಕ್ಕೆ ಜೋತುಬಿದ್ದಿವೆ. ದಾರಿಯಲ್ಲಿ ಭಾರ ಬಿದ್ದು ಹೀಗಾಗಿದೆ, ಬಿಸಿನೀರಿನಲ್ಲಿ ಅದ್ದಿ ಒತ್ತಿದರೆ ನೆಟ್ಟಗಾಗುತ್ತದೆ ಎನ್ನುತ್ತಾರೆ ಮನೆಯವರು. ಮಾಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ ತಾಯಿ, ಈ ಪತ್ರ ಅಚ್ಚಾಗುವಷ್ಟರಲ್ಲಿ ಒತ್ತಿರದಿದ್ದರೆ ಸಾಕು ಎಂದು ಹಾರೈಸುತ್ತಿದ್ದೇನೆ. ಒತ್ತಿದರೆ ಲೋಹ ಬಾಗುವುದಿಲ್ಲ, ಬುಡದಲ್ಲಿ ಲಟಕ್ಕನೆ ಮುರಿಯುತ್ತದೆ. ನಿಮ್ಮ ಮಾದರಿಗೆ ಯಾವ ಪೆಟ್ಟೂ ಆಗಿಲ್ಲ. ಫ್ಯಾಂಟಮ್ ಹುಟ್ಟಿದ್ದೇ ಹಾಗೆ.

1958ರ ಮೇ ತಿಂಗಳಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ನಕ್ಷೆಯಲ್ಲಿ ಇದ್ದದ್ದು ತುದಿ ಮೇಲಕ್ಕೆ ಬಾಗದ ಸಮತಟ್ಟಾದ ರೆಕ್ಕೆ. ಗಾಳಿಸುರಂಗದ ಪರೀಕ್ಷೆಯಲ್ಲಿ ಅದು ಪಕ್ಕಕ್ಕೆ ಹೊಯ್ದಾಡುವುದು ಕಂಡುಬಂತು. ಇಡೀ ರೆಕ್ಕೆಯನ್ನು 5 ಡಿಗ್ರಿ ಮೇಲೆತ್ತಬೇಕಾಗಿತ್ತು. ಆದರೆ ಹಾಗೆ ಮಾಡಿದರೆ ಟೈಟಾನಿಯಂನ ನಡುಭಾಗವನ್ನೇ ಹೊಸದಾಗಿ ರೂಪಿಸಬೇಕಿತ್ತು. ವಿಮಾನ ರೂಪಿಸಿದ ಎಂಜಿನಿಯರುಗಳು ನಡುವನ್ನು ಮುಟ್ಟದೆ ಹೊರತುದಿಯನ್ನು ಮಾತ್ರ 12 ಡಿಗ್ರಿ ಎತ್ತಿದರು. ಸರಾಸರಿ ಲೆಕ್ಕ ಸರಿಹೋಯಿತು. ಬಾಲದ ಹಲಗೆಗಳು 23 ಡಿಗ್ರಿ ಕೆಳಮುಖವಾಗಿರುವುದು ವಿಮಾನ ಮೂಗೆತ್ತಿ ಏರುವಾಗಲೂ ಹಿಡಿತ ತಪ್ಪದಿರಲೆಂದು. ಸ್ಕೇಲ್ ಹಿಡಿದು ಮಗನಿಂದಲೇ ಅಳೆಸಿ. ಮೂಗಿನಿಂದ ಬಾಲಕ್ಕೆ ಸುಮಾರು 27 ಸೆಂಟಿಮೀಟರ್ ಇರಬೇಕು. 72ರಿಂದ ಗುಣಿಸಿದರೆ ಅಸಲಿ ವಿಮಾನದ 19 ಮೀಟರಿಗೂ ಮಿಕ್ಕಿದ ಉದ್ದ ಸಿಗುತ್ತದೆ.

‘ಎಫ್‌ಜಿ’ ಎಂಬುದು ಥಾಯ್ಲೆಂಡಿನ ಉಬೊನ್ ನೆಲೆಯಲ್ಲಿದ್ದ ಅಮೆರಿಕ ವಾಯುಪಡೆಯ 433ನೇ ಸ್ಕ್ವಾಡ್ರನ್‌ನ ಗುರುತು. ಅಲ್ಲಿನ ದಂಡನಾಯಕ ಕರ್ನಲ್ ರಾಬಿನ್ ಓಲ್ಡ್ಸ್ 1967ರ ಜನವರಿ 2ರಂದು ಒಂದು ಉಪಾಯ ಹೂಡಿದರು. ಬಾಂಬು ಹೊತ್ತ ಥಂಡರ್‌ಚೀಫ್ ವಿಮಾನಗಳು ಬರುವ ದಾರಿಯಲ್ಲಿ, ಅದೇ ವೇಗದಲ್ಲಿ, ಅವುಗಳದೇ ರೇಡಿಯೋ ಸಂಕೇತಗಳನ್ನು ಬಳಸುತ್ತ ಫ್ಯಾಂಟಮ್‌ಗಳನ್ನು ಹಾರಿಸಿದರು. ಸುಲಭದ ಬೇಟೆಯೆಂದು ಮೋಡದಿಂದ ಮೇಲೆದ್ದ ಉತ್ತರ ವಿಯೆಟ್ನಾಂನ ಮಿಗ್-21 ಯುದ್ಧವಿಮಾನಗಳಲ್ಲಿ ಏಳು ಉರುಳಿದವು ಎಂದು ಅಮೆರಿಕದ ದಾಖಲೆ ಹೇಳುತ್ತದೆ. ನಾನು ತೇಜಪುರದಲ್ಲಿ ಮಿಗ್-21ರ ನೆಲಸಿಬ್ಬಂದಿಯಾಗಿ ದುಡಿದವನು. ಪ್ರತಿ ಮುಂಜಾನೆ ಒರೆಸಿ ಹಾರಲು ಕಳುಹಿಸಿದ ವಿಮಾನ ಅದು. 2025ರ ಸೆಪ್ಟೆಂಬರ್ 26ರಂದು ನಮ್ಮ ವಾಯುಪಡೆ ಅದನ್ನು ಬೀಳ್ಕೊಟ್ಟಾಗ ಕಣ್ಣು ತುಂಬಿಬಂದಿತ್ತು. ಹಾಗಾಗಿ ಈ ಕಥೆಯನ್ನು ಸಂಭ್ರಮದಿಂದ ಹೇಳಲು ನನಗೆ ಬರುವುದಿಲ್ಲ. ಆ ಏಳು ವಿಮಾನಗಳಿಗೂ ನನ್ನಂಥ ನೆಲಸಿಬ್ಬಂದಿ ಇದ್ದರು. ಮಗನಿಗೆ ಫ್ಯಾಂಟಮ್ ಪಕ್ಕದಲ್ಲಿ ಇಡಲು ಒಂದು ಮಿಗ್-21 ಮಾದರಿಯನ್ನೂ ಕೊಡಿಸಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನಲ್ಲಿ ಆರು ಡೈಕಾಸ್ಟ್ (ಎರಕದ ಲೋಹದ) ಮಾದರಿ ವಿಮಾನಗಳಿವೆ. ಪುಷ್ಯ ಮಳೆ ಹಿಡಿದ ಮೇಲೆ ಎರಡರ ಮೇಲೆ ಬಿಳಿಯ ಪುಡಿ ಕಾಣಿಸಿದೆ. ಲೋಹಕ್ಕೆ ರೋಗ ತಗುಲಿದೆಯೇ? ಎಣ್ಣೆ ಸವರಲೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಎಣ್ಣೆ ಖಂಡಿತ ಬೇಡ. ಎಣ್ಣೆಯ ಮೇಲೆ ದೂಳು ಕೂರುತ್ತದೆ, ದೂಳಿನ ಮೇಲೆ ಬೂಷ್ಟು ಬೆಳೆಯುತ್ತದೆ. ಮೊದಲು ಒಣಗಿದ ಮೆತ್ತನೆಯ ಕುಂಚದಿಂದ ಒರೆಸಿ ನೋಡಿ. ಪುಡಿ ಹೋಗಿ ಕೆಳಗಿನ ಬಣ್ಣ ನುಣುಪಾಗಿದ್ದರೆ ಅದು ಬರೀ ಬೂಷ್ಟು. ನಮ್ಮ ಮಲೆನಾಡಿನಲ್ಲಿ ಚಪ್ಪಲಿಗೆ, ಪುಸ್ತಕದ ರಟ್ಟಿಗೆ ಬರುವುದೇ ಇಲ್ಲಿಗೂ ಬಂದಿದೆ.

ಬಣ್ಣ ಗುಳ್ಳೆಯೆದ್ದು ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಈ ಮಾದರಿಗಳನ್ನು ಸತುವಿಗೆ ಸುಮಾರು 4 ಪ್ರತಿಶತ ಅಲ್ಯೂಮಿನಿಯಂ ಬೆರೆಸಿದ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಅದರಲ್ಲಿ ಸೀಸದ ಅಂಶ ಸೇರಿಕೊಂಡಿದ್ದರೆ ಲೋಹ ಒಳಗಿನಿಂದಲೇ ಸವೆದು, ಊದಿ, ಕೊನೆಗೆ ಬೆಲ್ಲದ ಅಚ್ಚಿನಂತೆ ಉದುರುತ್ತದೆ. ಸಂಗ್ರಾಹಕರು ಇದನ್ನೇ ಜಿಂಕ್ ಪೆಸ್ಟ್ ಎನ್ನುವುದು. ಇದಕ್ಕೆ ಮದ್ದಿಲ್ಲ. ಪಕ್ಕದ ವಿಮಾನಕ್ಕೆ ಅಂಟುವ ಜಾಡ್ಯವಲ್ಲ ಎಂಬುದೇ ಸಮಾಧಾನ. ದೋಷ ಎರಕದಲ್ಲೇ ಇರುತ್ತದೆ, ತೇವ ಅದನ್ನು ಬೇಗ ಹೊರಹಾಕುತ್ತದೆ.

ಮಳೆಗಾಲದಲ್ಲಿ ಮೂಲ ಪೆಟ್ಟಿಗೆಯ ಸ್ಪಂಜಿನಲ್ಲಿ ಇಡಬೇಡಿ, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ, ಮಸಿ ಕೂರುತ್ತದೆ. ಬಾಗಿಲು ಬಿಗಿಯಾಗಿ ಕೂರುವ ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಇಡಿ. ಕಿತ್ತಳೆ ಬಣ್ಣದ ಕಾಳು ತೇವ ಹೀರಿ ಹಸಿರಾದಾಗ, ಚೀಲದಿಂದ ತೆಗೆದು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಆ ಕಾವಲಿಯನ್ನು ಅಡುಗೆಗೆ ಬಳಸಬೇಡಿ. ಥಿನ್ನರ್, ಸ್ಪಿರಿಟ್ ಮುಟ್ಟಿಸಿದರೆ ಬಾಲದ ಅಕ್ಷರಗಳು ಅಳಿಸಿಹೋಗುತ್ತವೆ. ಮೆತ್ತನೆಯ ಟೈರುಗಳಿದ್ದರೆ ಅವುಗಳ ಕೆಳಗೆ ಒಂದು ತುಂಡು ಗಾಜು ಇಡಿ. ಇಲ್ಲವಾದರೆ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೀಠಕ್ಕೆ ಕರಗಿ ಅಂಟಿಕೊಳ್ಳುತ್ತವೆ.