ಕಾಯಿನನಿಗೆ ಕೇಳಿದ ಪ್ರಶ್ನೆ, ಏಸಾವ ಅತ್ತ ಅಳು: ಒಬ್ಬ ಅಣ್ಣನ ಕೋಪದ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರ ಬದಲಿಸಿದೆ. ಇದೇ ಬಗೆಯ ಬೇರೆ ಪ್ರಕರಣಗಳ ಅಂಶಗಳನ್ನೂ ಬೆರೆಸಿದೆ.)

ಆಪ್ತಸಲಹೆಗೆಂದು ನಮ್ಮಲ್ಲಿ ಬಂದವರಿಗೆ 52 ವರ್ಷ. ಕರಾವಳಿಯ ಪ್ರೊಟೆಸ್ಟೆಂಟ್ ಕುಟುಂಬದ ಹಿರಿಮಗ, ಅಡಿಕೆ ತೋಟ ನೋಡಿಕೊಳ್ಳುವವರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ತಂದೆಯ ಆರೈಕೆಯನ್ನು ಏಳು ವರ್ಷ ಇವರೇ ಮಾಡಿದ್ದರು. ತಮ್ಮ ಗಲ್ಫ್‌ನಲ್ಲಿ. ತಂದೆ ತೀರಿಕೊಂಡ ಮೇಲೆ ಉಯಿಲು ತೆರೆದರೆ ಇಬ್ಬರಿಗೂ ಸಮಪಾಲು. ಪಾಲಿನ ಮಾತುಕತೆಗೆ ಕೂತ ದಿನ ತಮ್ಮ, “ಇಷ್ಟು ವರ್ಷ ತೋಟದ ಆದಾಯ ತಿಂದದ್ದು ನೀನೇ ಅಲ್ವಾ” ಅಂದ. ಇವರು ಎದ್ದು ಒಳಗೆ ಹೋಗಿ ಕತ್ತಿ ತೆಗೆದುಕೊಂಡರು. ಹೊಸ್ತಿಲ ತನಕ ಬಂದರು. ಹೆಂಡತಿ ಕೂಗಿಕೊಂಡಾಗ ಕತ್ತಿ ಕೆಳಗೆ ಹಾಕಿ ತೋಟಕ್ಕೆ ಹೋಗಿ ಕತ್ತಲಾಗುವವರೆಗೆ ಅಲ್ಲೇ ಕೂತರು.

ಅದಾಗಿ ನಾಲ್ಕು ತಿಂಗಳು. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ದವಡೆ ನೋವು. ಸಂಜೆ ಎರಡು ಪೆಗ್. ಮಗನ ಮೇಲೆ ಸಣ್ಣದಕ್ಕೂ ಸಿಡುಕು. ಚರ್ಚಿನ ಸಭೆಯ ಹಿರಿಯರು “ಕ್ಷಮಿಸಿಬಿಡಿ” ಅಂದಿದ್ದರು. ಆಗಲಿಲ್ಲವಾದ್ದರಿಂದ ಪ್ರಭುಭೋಜನಕ್ಕೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ) ಹೋಗುವುದನ್ನೇ ನಿಲ್ಲಿಸಿದ್ದರು. ಮೊದಲ ಭೇಟಿಯಲ್ಲಿ ಇವರು ಹೇಳಿದ್ದು: “ನಾನು ಕಾಯಿನ ಆಗಿಬಿಟ್ಟಿದ್ದೇನೆ ಅಂತ ಕಾಣ್ತದೆ.”

ಕಾಯಿನ ಎಂದರೆ ಬೈಬಲಿನಲ್ಲಿ ತಮ್ಮ ಹೇಬೆಲನನ್ನು ಕೊಂದ ಅಣ್ಣ. ಬೈಬಲಿನ ಮಾತು ಅವರಿಂದಲೇ ಬಂತು. ಆದ್ದರಿಂದಲೇ ಮುಂದಿನ ಕೆಲಸವೂ ಹಳೆಯ ಒಡಂಬಡಿಕೆಯ, ಅಂದರೆ ಬೈಬಲಿನ ಮೊದಲ ಭಾಗದ, ಪಠ್ಯಗಳ ಮೂಲಕ ನಡೆಯಿತು. ಎದುರಿಗಿರುವವರು ತಾವಾಗಿ ತರದ ಗ್ರಂಥವನ್ನು ಸಲಹೆಗಾರ ತಂದು ಮುಂದಿಡಬಾರದು.

ಆದರೆ ಮೊದಲ ಭೇಟಿಯಲ್ಲಿ ಯಾವ ಪಠ್ಯವೂ ಇಲ್ಲ, ಬರೀ ಸುರಕ್ಷೆಯ ವಿಚಾರ. ತಮ್ಮನನ್ನು ಕೊಲ್ಲಬೇಕೆಂಬ ಯೋಚನೆ ಈಗಲೂ ಬರುತ್ತದೆಯೇ, ಹೇಗೆ, ಯಾವಾಗ ಎಂಬ ಯೋಜನೆ ಇದೆಯೇ, ಕುಡಿದಾಗ ಯೋಚನೆ ಬದಲಾಗುತ್ತದೆಯೇ, ತಮ್ಮನ್ನೇ ಮುಗಿಸಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದ್ದಾಯಿತು. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ. ಯೋಜನೆ ಇರಲಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಕಂಡರೆ ಗುಟ್ಟು ಕಾಯುವ ಮಾತು ಉಳಿಯುವುದಿಲ್ಲ ಎಂದು ಅಂದೇ ಹೇಳಿಟ್ಟೆವು. ಕತ್ತಿಗಳು ಪಕ್ಕದ ಮನೆಯ ಕೊಟ್ಟಿಗೆಗೆ ಹೋದವು. ಕೆಲಸದ ದಿನ ಬೆಳಿಗ್ಗೆ ತಂದು ಸಂಜೆ ವಾಪಸ್. ರಾತ್ರಿ ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಅನ್ನು ಫೋನಿನಲ್ಲಿ ಉಳಿಸಿಕೊಟ್ಟೆವು. ವೈದ್ಯರ ಬಳಿ ಕಳಿಸಿದಾಗ ರಕ್ತದೊತ್ತಡ 160/100 ಇತ್ತು, ಔಷಧಿ ಶುರುವಾಯಿತು. ಕುಡಿತದ ಬಗ್ಗೆ ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರಿಗೆ ಥಟ್ಟನೆ ನಿಲ್ಲಿಸಿ ಎನ್ನಬಾರದು, ನಡುಕ, ಫಿಟ್ಸ್ ಬರಬಹುದು. ಅದು ವೈದ್ಯರ ಮೂಲಕವೇ ಆಗಬೇಕು. ಇವರದು ಆ ಮಟ್ಟದ್ದಲ್ಲ, ವೈದ್ಯರು ಒಪ್ಪಿದ ಮೇಲೆ ನಿಲ್ಲಿಸಿದರು.

ಎರಡನೇ ಭೇಟಿಗೆ ತೆಗೆದುಕೊಂಡದ್ದು 1 ಅರಸುಗಳು ಗ್ರಂಥದ 19ನೇ ಅಧ್ಯಾಯ. ರಾಣಿಯ ಬೆದರಿಕೆಗೆ ಹೆದರಿ ಓಡಿಬಂದ ಪ್ರವಾದಿ ಎಲೀಯ ಮರದಡಿ ಬಿದ್ದು “ಸಾಕು, ಪ್ರಾಣ ತೆಗೆದುಕೋ” ಎನ್ನುತ್ತಾನೆ. ಉಪದೇಶ ಬರುವುದಿಲ್ಲ. ನಿದ್ದೆ ಬರುತ್ತದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ ಬರುತ್ತದೆ, ತಂಬಿಗೆ ನೀರು ಬರುತ್ತದೆ. ಮತ್ತೆ ನಿದ್ದೆ, ಮತ್ತೆ ಊಟ. “ಇಲ್ಲೇನು ಮಾಡುತ್ತಿದ್ದೀ” ಎಂಬ ಪ್ರಶ್ನೆ ಬರುವುದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅದೂ ಎರಡು ಸಲ. ಎಲೀಯ ಎರಡು ಸಲವೂ ಅದೇ ದೂರನ್ನು ಒಪ್ಪಿಸುತ್ತಾನೆ, “ಆಗಲೇ ಹೇಳಿದೆಯಲ್ಲ” ಎಂದು ಯಾರೂ ಗದರುವುದಿಲ್ಲ. ಇವರಿಗೂ ಮೂರು ವಾರ ಇದೇ ಕ್ರಮ: ರಾತ್ರಿ ಎಂಟರೊಳಗೆ ಊಟ, ಒಂಬತ್ತರ ಮೇಲೆ ಪಾಲಿನ ಮಾತು ಮನೆಯಲ್ಲಿ ಬೇಡ, ಬೆಳಿಗ್ಗೆ 40 ನಿಮಿಷ ನಡಿಗೆ, ಮೂರಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳದೆ ಎದ್ದು ಕೂತು ನಿದ್ದೆ ಎಳೆದಾಗ ಮಾತ್ರ ಮಲಗುವುದು.

ಜೊತೆಗೆ ಉಸಿರಾಟ. ನಮ್ಮಲ್ಲಿ ಕೋಪ ಮೂಗಿನ ತುದಿಯಲ್ಲಿರುತ್ತದೆ. ಹಳೆಯ ಒಡಂಬಡಿಕೆಯ ಮೂಲ ಭಾಷೆಯಾದ ಹೀಬ್ರೂವಿನಲ್ಲೂ ‘ಅಫ್’ ಎಂದರೆ ಮೂಗು, ಕೋಪ ಎರಡೂ. ವಿಮೋಚನಕಾಂಡ 34:6ರಲ್ಲಿ ದೀರ್ಘಶಾಂತಿಗೆ ಇರುವ ಮಾತು ‘ಎರೆಖ್ ಅಪ್ಪಾಯಿಮ್’, ಅಂದರೆ ಮೂಗು ಉದ್ದವಾದವನು. ಇದು ಕೇಳಿ ಮೊದಲ ಬಾರಿ ನಕ್ಕರು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಎಂಟು ಎಣಿಸುತ್ತ ಹೊರಗೆ, ದಿನಕ್ಕೆ ಎರಡು ಸಲ ಐದೈದು ನಿಮಿಷ. ಸಿಟ್ಟು ನೆತ್ತಿಗೇರಿದಾಗ ಮೊದಲ ಬಾರಿ ಪ್ರಯತ್ನಿಸಿದರೆ ಇದು ಕೆಲಸ ಮಾಡುವುದಿಲ್ಲ. ತಣ್ಣಗಿರುವಾಗ ರೂಢಿಯಾಗಿರಬೇಕು.

ಮೂರನೇ ಭೇಟಿಗೆ ಆದಿಕಾಂಡ 4. ಈ ಪ್ರಕರಣದ ತಿರುಳು ಇಲ್ಲಿದೆ.

ಕಾಯಿನನ ಕಥೆಯನ್ನು ಎಲ್ಲರೂ 8ನೇ ವಚನದಿಂದ, ಕೊಲೆಯಿಂದ, ನೆನಪಿಡುತ್ತಾರೆ. ಅದಕ್ಕೆ ಮುಂಚಿನ ಎರಡು ವಚನಗಳು ಮರೆತಿರುತ್ತವೆ. ತಮ್ಮನ ಕಾಣಿಕೆಯನ್ನು ಮೆಚ್ಚಿದ ದೇವರು ತನ್ನದನ್ನು ಮೆಚ್ಚಲಿಲ್ಲವೆಂದು ಕಾಯಿನನಿಗೆ ಕೋಪ ಉರಿಯುತ್ತಿದೆ, ಮುಖ ಜೋಲುಬಿದ್ದಿದೆ. ಮೂಲದ ಕ್ರಿಯಾಪದ ‘ಖಾರಾ’, ಉರಿ ಎಂದರ್ಥ. ನಮ್ಮ ಖಾರಕ್ಕೂ ಅದಕ್ಕೂ ನಂಟಿಲ್ಲ, ನೆನಪಿಗೆ ಮಾತ್ರ ಅನುಕೂಲ. ಆ ಹೊತ್ತಿಗೆ ದೇವರು ಅವನನ್ನು ಪಾಪಿ ಎನ್ನುವುದಿಲ್ಲ, ಪ್ರಶ್ನೆ ಕೇಳುತ್ತಾನೆ: ಯಾಕೆ ಉರಿಯುತ್ತಿದ್ದೀ? ಮುಖ ಯಾಕೆ ಬಿದ್ದಿದೆ? ಪಾಪ ಬಾಗಿಲಲ್ಲಿ ಹೊಂಚಿ ಮಲಗಿದೆ, ನೀನು ಅದನ್ನು ಆಳಬೇಕು ಎನ್ನುತ್ತಾನೆ. ‘ಮಲಗಿದೆ’ ಎಂಬುದಕ್ಕಿರುವ ಧಾತು 23ನೇ ಕೀರ್ತನೆಯಲ್ಲಿ ಕುರಿಯನ್ನು ಹಸುರುಗಾವಲಿನಲ್ಲಿ ಮಲಗಿಸುವುದಕ್ಕೂ ಬಳಕೆಯಾಗಿದೆ. ಪ್ರಾಣಿ ಬಾಗಿಲಲ್ಲಿದೆ, ಇನ್ನೂ ಒಳಗೆ ಬಂದಿಲ್ಲ. ಕತ್ತಿ ಹಿಡಿದು ಹೊಸ್ತಿಲಲ್ಲಿ ನಿಂತವರು ಯಾವ ವಚನದಲ್ಲಿ ನಿಂತಿದ್ದರು ಎಂದು ಕೇಳಿದಾಗ ಇವರು ತುಂಬ ಹೊತ್ತು ಸುಮ್ಮನಿದ್ದು, “ಏಳರಲ್ಲಿ” ಅಂದರು. ತಮ್ಮನ್ನು ಎಂಟನೇ ವಚನಕ್ಕೆ ತಾವೇ ದೂಡಿಕೊಂಡಿದ್ದರು. ಕೋಪವನ್ನೂ ಕೊಲೆಯನ್ನೂ ಒಂದೇ ಪಾಪದ ಲೆಕ್ಕಕ್ಕೆ ಹಾಕಿದರೆ ಮನುಷ್ಯ ಕೋಪವನ್ನು ಅಡಗಿಸಿಡುತ್ತಾನೆ, ಅಡಗಿಸಿಟ್ಟದ್ದರ ಮೇಲೆ ಹಿಡಿತ ಇರುವುದಿಲ್ಲ.

ಮನೆಗೆ ಕೊಟ್ಟ ಕೆಲಸ ಒಂದು ನೋಟ್‌ಬುಕ್, ನಾಲ್ಕು ಕಲಂ: ಯಾವಾಗ, ಮೈಯಲ್ಲಿ ಎಲ್ಲಿ, ಯಾಕೆ, ಏನು ಮಾಡಿದೆ. ‘ಯಾಕೆ’ ಎಂಬುದನ್ನು ಉತ್ತರ ಬಂದ ಮೇಲೂ ಮತ್ತೆ ಮತ್ತೆ ಕೇಳಬೇಕು, ಕನಿಷ್ಠ ನಾಲ್ಕು ಸಲ. ಒಂದು ನಮೂದು ಹೀಗಿತ್ತು: “ಮಂಗಳವಾರ ಸಂಜೆ 6.20. ತಮ್ಮನ ಸ್ಟೇಟಸ್‌ನಲ್ಲಿ ಹೊಸ ಕಾರು. ದವಡೆ, ಬಲಗೈ. ಯಾಕೆ? ದುಡ್ಡು ಉಂಟು ಅವನಿಗೆ. ಯಾಕೆ? ನನಗೆ ಇಲ್ಲ. ಯಾಕೆ? ನಾನು ಇಲ್ಲಿ ಉಳಿದೆ. ಯಾಕೆ? ಅಪ್ಪನಿಗಾಗಿ. ಅಪ್ಪ ಕೊನೆಗೆ ಕರೆದದ್ದು ಅವನ ಹೆಸರು.” ನಾಲ್ಕನೆಯ ಕಲಂ ಖಾಲಿ.

ಗಾಯ ಜಮೀನಿನದಲ್ಲ ಎಂದು ಗೊತ್ತಾದದ್ದು ಅಲ್ಲಿ. (ಜಮೀನಿನ ಪ್ರಶ್ನೆಗೆ ವಕೀಲರನ್ನು ನೋಡಲು ಹೇಳಿದ್ದಾಗಿತ್ತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಉಯಿಲು ಇಲ್ಲದಿದ್ದರೂ ಮಕ್ಕಳ ಪಾಲು ಸಮವೇ. ಇದು ತಿಳಿದ ಮೇಲೆ ಆ ಎಳೆ ತಾನಾಗಿ ಸಡಿಲವಾಯಿತು.)

ಹಾಗಾಗಿ ಕಾಯಿನನನ್ನು ಬಿಟ್ಟು ಏಸಾವನನ್ನು ಓದಿದೆವು. ಅವನೂ ಅಣ್ಣ. ತಂದೆಯ ಆಶೀರ್ವಾದ ತಮ್ಮ ಯಾಕೋಬನ ಪಾಲಾಗಿದೆ. ಆದಿಕಾಂಡ 27:38ರಲ್ಲಿ “ಅಪ್ಪಾ, ನಿನ್ನಲ್ಲಿ ಇದ್ದದ್ದು ಒಂದೇ ಆಶೀರ್ವಾದವೋ? ನನ್ನನ್ನೂ ಆಶೀರ್ವದಿಸು” ಎಂದು ಗಟ್ಟಿಯಾಗಿ ಅಳುತ್ತಾನೆ. ತಂದೆ ಸತ್ತ ಮೇಲೆ ತಮ್ಮನನ್ನು ಕೊಲ್ಲುತ್ತೇನೆಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಆದರೂ ಕೊಲ್ಲುವುದಿಲ್ಲ. ಕಾಯಿನ ಅತ್ತದ್ದನ್ನು ಪಠ್ಯ ಎಲ್ಲೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಹೀಬ್ರೂ ಪಠ್ಯದಲ್ಲಿ “ಕಾಯಿನನು ತಮ್ಮನಿಗೆ ಹೇಳಿದನು” ಎಂದು ಬಂದು, ಏನು ಹೇಳಿದ ಎಂಬುದೇ ಇಲ್ಲ. “ಹೊಲಕ್ಕೆ ಹೋಗೋಣ” ಎಂದು ಗ್ರೀಕ್ ಅನುವಾದ ತುಂಬಿಸಿದೆ. ಹೇಳಬೇಕಾದ ಮಾತಿನ ಜಾಗ ಖಾಲಿ, ಮುಂದಿನದೇ ಕೊಲೆ.

ನಾಲ್ಕನೇ ಭೇಟಿಯಿಂದ ಅಳುವ ಕೆಲಸ, 13ನೇ ಕೀರ್ತನೆಯ ಅಚ್ಚಿನಲ್ಲಿ. ಅದರ ಮೊದಲೆರಡು ವಚನಗಳಲ್ಲಿ “ಎಷ್ಟು ಕಾಲ” ಎಂಬುದು ನಾಲ್ಕು ಸಲ ಬರುತ್ತದೆ, ಆಮೇಲೆ ಬೇಡಿಕೆ, ಕೊನೆಗೆ ಭರವಸೆ. ಇವರು ಬರೆಯಬೇಕಾದದ್ದು ನಾಲ್ಕು “ಎಷ್ಟು ಕಾಲ”, ಒಂದು ಬೇಡಿಕೆ. ಭರವಸೆಯ ಸಾಲು ಬಂದರೆ ಬರೆಯಿರಿ, ಬಾರದಿದ್ದರೆ ಬಿಡಿ ಎಂದಿದ್ದೆವು, 88ನೇ ಕೀರ್ತನೆ ಕತ್ತಲು ಎಂಬ ಮಾತಿನಲ್ಲೇ ಮುಗಿಯುತ್ತದೆ. ಮೂರು ವಾರ ಭರವಸೆಯ ಸಾಲು ಬರಲಿಲ್ಲ.

ಇಲ್ಲಿ ಒಂದು ಎಡವಟ್ಟಾಯಿತು. ಇವರು ತಾವಾಗಿಯೇ 109ನೇ ಕೀರ್ತನೆ, ಆ ಶಾಪಗಳ ಸರಮಾಲೆ, ಹುಡುಕಿಕೊಂಡು ತಮ್ಮನ ಹೆಸರು ಸೇರಿಸಿ ಪ್ರತಿ ರಾತ್ರಿ ಓದತೊಡಗಿದರು. ನಿದ್ದೆ ಮತ್ತೆ ಕೆಟ್ಟಿತು. ಅಂಥ ಕೀರ್ತನೆ ಓದಲೇಬಾರದೆಂದಲ್ಲ. ಸೇಡನ್ನು ದೇವರ ಕೈಗೆ ಒಪ್ಪಿಸಿ ತಾನು ಕೈ ತೊಳೆಯುವುದಕ್ಕೆ ಅವು ಇವೆ. ದಿನವೂ ಮಲಗುವ ಮುಂಚೆ ಓದಿದರೆ ಒಪ್ಪಿಸಿದ್ದನ್ನು ದಿನವೂ ವಾಪಸ್ ತಂದ ಹಾಗೆ, ಹುಣ್ಣು ಕೆರೆದ ಹಾಗೆ. ನಿಯಮ ಬದಲಾಯಿತು: ಹಗಲು ಹೊತ್ತು, ವಾರಕ್ಕೆ ಎರಡು ಸಲ, 15 ನಿಮಿಷ, ಮುಗಿದೊಡನೆ ಪುಸ್ತಕ ಕಪಾಟಿಗೆ, ಕೈಗೆ ಒಂದು ಕೆಲಸ. ಹೊಟ್ಟೆಕಿಚ್ಚಿಗೆ 73ನೇ ಕೀರ್ತನೆ ಹೆಚ್ಚು ಹೊಂದಿತು. ಅದರ ಕವಿ ಆಸಾಫ ಇತರರ ಸುಖ ನೋಡಿ ಕರುಬಿದೆ ಎಂದು ಒಪ್ಪಿಕೊಳ್ಳುತ್ತಾನೆ, ಎದೆ ಹುಳಿಯಾಯಿತು, ಪಶುವಿನಂತಿದ್ದೆ ಎನ್ನುತ್ತಾನೆ. ತಮ್ಮನ ಸ್ಟೇಟಸ್ ನೋಡುವುದನ್ನು ಇವರು ಮ್ಯೂಟ್ ಮಾಡಿದ್ದು ಆ ವಾರ.

ಆರನೇ ಭೇಟಿಗೆ ಯಾಜಕಕಾಂಡ 19:17. ಸಹೋದರನನ್ನು ಮನಸ್ಸಿನಲ್ಲಿ ದ್ವೇಷಿಸಬೇಡ, ಅವನ ತಪ್ಪನ್ನು ಅವನಿಗೇ ಹೇಳು. “ಪ್ರೀತಿಸು” ಎಂಬುದು ಬರುವುದು ಮುಂದಿನ ವಚನದಲ್ಲಿ. ಹಿರಿಯರು ಇವರಿಗೆ ಹೇಳಿದ್ದು 18ನ್ನು, 17ನ್ನು ಹಾರಿಸಿ. ವಚನ ಓದಿದ ರಾತ್ರಿ 11.40ಕ್ಕೆ ಇವರು ಕುಟುಂಬದ ವಾಟ್ಸಪ್ ಗುಂಪಿನಲ್ಲಿ ಉದ್ದದ ಮೆಸೇಜು ಹಾಕಿದರು. ಅತ್ತೆ, ಚಿಕ್ಕಪ್ಪ, ಮಕ್ಕಳು ಎಲ್ಲರೂ ಇರುವ ಗುಂಪು. ತಮ್ಮ ಗುಂಪು ಬಿಟ್ಟ. ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಇದೇ ವಚನಕ್ಕೆ ಬರೆದದ್ದು: ಹೇಳು, ಆದರೆ ನಾಲ್ಕು ಜನರ ಮುಂದೆ ಅವನ ಮುಖ ಬಿಳಿಚುವಂತೆ ಮಾಡಬೇಡ. ಮೊದಲೇ ಎಚ್ಚರಿಸದೆ ಹೋದದ್ದು ಸಲಹೆಯಲ್ಲಿನ ಲೋಪ.

ಸರಿಪಡಿಸಲು ಎರಡು ಹೆಜ್ಜೆ. ಮೊದಲು ಗುಂಪಿನಲ್ಲಿ ಒಂದೇ ಸಾಲು: “ಇಲ್ಲಿ ಬರೆದದ್ದು ನನ್ನ ತಪ್ಪು, ಅವನ ಹತ್ತಿರ ನೇರ ಮಾತಾಡ್ತೇನೆ.” ಹತ್ತು ದಿನ ಬಿಟ್ಟು ಹಗಲಿನಲ್ಲಿ ಫೋನು. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದು ಮೂರು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಸಿದೆವು: “ತೋಟದ ಆದಾಯ ತಿಂದೆ ಅಂದದ್ದು ನನಗೆ ತುಂಬ ನೋವಾಗಿದೆ. ಲೆಕ್ಕದ ಪುಸ್ತಕ ಉಂಟು, ಕಳಿಸ್ತೇನೆ. ಏಳು ವರ್ಷ ಅಪ್ಪನನ್ನು ಮಗ್ಗುಲು ತಿರುಗಿಸಿದವ ನಾನು. ಆ ಮಾತು ನೀನು ವಾಪಸ್ ತಗೊಳ್ಬೇಕು.” ‘ಯಾವಾಗಲೂ’, ‘ನಿನ್ನ ಹೆಂಡತಿ’, ‘ಚಿಕ್ಕಂದಿನಿಂದ’ ಎಂಬ ಪದಗಳನ್ನು ಕರಡಿನಿಂದ ತೆಗೆಸಿದ್ದೆವು. ಅವು ಬಂದರೆ ಎದುರಿನವರು ಉತ್ತರಿಸುವುದು ಅವಕ್ಕೆ ಮಾತ್ರ.

ತಮ್ಮ ಅಂದು ಕ್ಷಮೆ ಕೇಳಲಿಲ್ಲ. “ನೋಡುವ” ಅಂದು ಇಟ್ಟ. ಹನ್ನೆರಡು ದಿನದ ಮೇಲೆ ತಾನೇ ಫೋನು ಮಾಡಿ, ಅಪ್ಪನಿಗೆ ಬೆನ್ನಿನಲ್ಲಿ ಹುಣ್ಣಾಗಿದ್ದ ವಿಷಯ ತನಗೆ ಯಾರೂ ಹೇಳಿರಲಿಲ್ಲ ಅಂದ, ಆ ಮಾತು ಆಡಬಾರದಿತ್ತು ಅಂದ.

ಇವರು ಕೂಡಲೇ ತಮ್ಮನ ಪಾಲಿನ ತೋಟವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನಲು ಹೊರಟಿದ್ದರು. ಬೇಡವೆಂದೆವು. ಆದಿಕಾಂಡ 33ರಲ್ಲಿ ಏಸಾವ ಓಡಿಬಂದು ಯಾಕೋಬನನ್ನು ತಬ್ಬುತ್ತಾನೆ, ಇಬ್ಬರೂ ಅಳುತ್ತಾರೆ. ಆದರೂ ಆ ದಿನವೇ ಒಬ್ಬ ಸೇಯೀರಿಗೆ, ಇನ್ನೊಬ್ಬ ಸುಕ್ಕೋತಿಗೆ. “ಕೆಲವು ದಿನ ಇದ್ದು ಬಾ, ಅಣ್ಣನ ಕೋಪ ಇಳಿಯಲಿ” ಎಂದು ತಾಯಿ ಯಾಕೋಬನನ್ನು ದೂರ ಕಳಿಸಿದ್ದಳು, ಆ ಕೆಲವು ದಿನ 20 ವರ್ಷವಾಗಿತ್ತು. ಯಾಕೋಬ ಅಣ್ಣನಿಗೆ ಉಡುಗೊರೆಯಾಗಿ ಮುಂದಾಗಿ ಕಳಿಸಿದ 550ಕ್ಕೂ ಹೆಚ್ಚು ಪಶುಗಳನ್ನೂ ಹಿಂಡು ಹಿಂಡಿನ ನಡುವೆ ಅಂತರ ಬಿಟ್ಟೇ ಹೊಡೆಸಿದ್ದ. ಆದ್ದರಿಂದ ಬೇಲಿ ಹಾಕಿಸಿ, ತಮ್ಮನ ಪಾಲನ್ನು ಬೇರೆಯವರಿಗೆ ಗೇಣಿಗೆ ಕೊಡಲಿ, ತಿಂಗಳಿಗೊಂದು ಫೋನು ಸಾಕು ಎಂಬುದು ಸಲಹೆ.

ಎಂಟನೇ ಭೇಟಿಯ ಹೊತ್ತಿಗೆ ರಕ್ತದೊತ್ತಡ 134/86, ವಾರಕ್ಕೆ ಐದು ರಾತ್ರಿ ನಿದ್ದೆ. ಕತ್ತಿಗಳು ಇನ್ನೂ ಪಕ್ಕದ ಮನೆಯಲ್ಲೇ ಇವೆ, ಇವರೇ ಇರಲಿ ಅಂದರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ: “ಭಾನುವಾರ. ತಮ್ಮನ ಫೋನು, 11 ನಿಮಿಷ. ಅಡಿಕೆ ರೇಟು, ಮಳೆ. ದವಡೆ ಸರಿ ಉಂಟು.” ಅದರ ಕೆಳಗೆ ಬುಧವಾರದ ನಮೂದು, ಎರಡನೇ ಕಲಂನಲ್ಲಿ ದವಡೆ ಮತ್ತೆ ಇದೆ, ನಾಲ್ಕನೆಯದರಲ್ಲಿ “ನಡೆದೆ” ಎಂದು ಬರೆದಿದೆ.