ಡಾರ್ಕ್ ಚಾಕೊಲೇಟ್ ತಿಂದರೆ ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದಾ?

ಕೋಕೋ ಬಗ್ಗೆ ಇಷ್ಟೊಂದು ಪತ್ರ ಯಾಕೆ ಬರುತ್ತವೋ! ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ.

ನನಗೆ 51 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168. ಕೊಲೆಸ್ಟ್ರಾಲ್ ಮಾತ್ರೆ ಸ್ಟ್ಯಾಟಿನ್ ನಿಲ್ಲಿಸಿ, ಎರಡು ತಿಂಗಳಿಂದ ದಿನಾ ಅರ್ಧ ಬಾರ್ ಡಾರ್ಕ್ ಚಾಕೊಲೇಟ್ ತಿನ್ನುತ್ತಿದ್ದೇನೆ. ಮುಂದುವರಿಸಬಹುದೇ? – ಓದುಗರು, ಜಯನಗರ

ಬೇಡ. ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ.

ಕೋಕೋದಲ್ಲಿ ಏನೂ ಇಲ್ಲ ಎನ್ನುತ್ತಿಲ್ಲ. ಅದರಲ್ಲಿರುವ ಫ್ಲೇವನಾಲ್ ಎಂಬ ಸಸ್ಯಜನ್ಯ ಅಂಶಗಳಿಂದ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ, ನಾಳ ಸ್ವಲ್ಪ ಸಡಿಲವಾಗುತ್ತದೆ. ಬಿಪಿ ಸರಾಸರಿ 2 ಪಾಯಿಂಟ್‌ನಷ್ಟು ಇಳಿದರೆ ಹೆಚ್ಚು. ಎಲ್‌ಡಿಎಲ್ ಕೂಡ ಕೆಲವೇ ಅಂಕ. ಸ್ಟ್ಯಾಟಿನ್‌ನ ಮಧ್ಯಮ ಡೋಸ್ ಎಲ್‌ಡಿಎಲ್ ಅನ್ನು ಶೇ 30ರಿಂದ 50ರಷ್ಟು ಇಳಿಸುತ್ತದೆ. ನಿಮ್ಮ 168ಕ್ಕೆ ಲೆಕ್ಕ ಹಾಕಿ ನೋಡಿ.

ವಾಟ್ಸಾಪ್‌ನಲ್ಲಿ ಓಡಾಡುವ 'ಹೃದ್ರೋಗದ ಸಾವು ಶೇ 27 ಕಡಿಮೆ' ಎಂಬ ಮಾತು ಬಂದಿದ್ದು ಅಮೆರಿಕದ 'ಕಾಸ್ಮೋಸ್' ಪ್ರಯೋಗದಿಂದ. 21 ಸಾವಿರಕ್ಕೂ ಹೆಚ್ಚು ಜನರ ಈ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಎಲ್ಲ ಸೇರಿಸಿ ನೋಡಿದರೆ ಖಚಿತ ಇಳಿಕೆ ಸಿಗಲಿಲ್ಲ. ಅದೇ ಅದರ ಮುಖ್ಯ ಪ್ರಶ್ನೆಯಾಗಿತ್ತು! ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅವರು ಕೊಟ್ಟಿದ್ದೂ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ.

ನಿಮ್ಮ ಬಾರ್‌ನಲ್ಲಿ ಫ್ಲೇವನಾಲ್ ಎಷ್ಟಿದೆ? ರ‍್ಯಾಪರ್ ಮೇಲಿನ 'ಶೇ 70' ಅದನ್ನು ಹೇಳುವುದಿಲ್ಲ. ಹುರಿಯುವಾಗ ಒಂದಷ್ಟು ಹೋಗುತ್ತದೆ. ಕಹಿ ತೆಗೆಯಲು ಕ್ಷಾರ ಹಾಕಿದರೆ ಬಹುಪಾಲು ಹೋಗುತ್ತದೆ. ಕೋಕೋ ಬೆಣ್ಣೆಯ ಸ್ಟಿಯರಿಕ್ ಆಮ್ಲ ಎಲ್‌ಡಿಎಲ್ ಏರಿಸುವುದಿಲ್ಲ, ನಿಜ. ಆದರೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗ್ಗದ 'ಡಾರ್ಕ್ ಕಾಂಪೌಂಡ್'ನಲ್ಲಿ ಆ ಬೆಣ್ಣೆಯ ಜಾಗಕ್ಕೆ ಹೆಚ್ಚಾಗಿ ತಾಳೆಬೀಜದಂಥ ಎಣ್ಣೆ ಬರುತ್ತದೆ. ಅದು ಎಲ್‌ಡಿಎಲ್ ಏರಿಸುತ್ತದೆ. ಮೇಲಿಂದ, 50 ಗ್ರಾಂ ಚಾಕೊಲೇಟ್ ಅಂದರೆ 300 ಕ್ಯಾಲೊರಿಯ ಆಸುಪಾಸು. ದಿನಾ!

ಒಂದೆರಡು ತುಂಡು ಖುಷಿಗೆ ತಿನ್ನಿ. ಸಕ್ಕರೆಯಿಲ್ಲದ ಕೋಕೋ ಪುಡಿ ಒಂದು ಚಮಚ ಹಾಲಿಗೆ ಹಾಕಿಕೊಂಡರೂ ಸರಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಯೇ ಕುಡಿಯಿರಿ, ಪೊಟ್ಯಾಸಿಯಂ ಜಾಸ್ತಿ. ಸ್ಟ್ಯಾಟಿನ್ ಲಿವರ್ ತಿನ್ನುತ್ತದೆ ಅಂತ ಹೆದರಿಸಿ, ಅದೇ ಉಸಿರಿನಲ್ಲಿ ಕೋಕೋ ಪುಡಿ ಮಾರುವವರಿದ್ದಾರೆ. ನಿಮಗೆ ಅಟ್ಯಾಕ್ ಆದ ದಿನ ಅವರು ಫೋನ್ ಎತ್ತುವುದಿಲ್ಲ.

ಕೋಕೋ, ಜೇನು ಕಲಸಿ ತಿಂದರೆ ಬ್ಲಾಕ್ ಕರಗುತ್ತದಾ? – ರಾಜಾಜಿನಗರ

ಇಲ್ಲ.

ಮಕ್ಕಳ ಚಾಕೊಲೇಟ್ ಹಾಲಿನ ಪುಡಿ ಹೃದಯಕ್ಕೆ ಒಳ್ಳೆಯದಲ್ವಾ? – ವಿಜಯನಗರ

ಡಬ್ಬದ ಹಿಂದೆ ಸಕ್ಕರೆ ಎಷ್ಟಿದೆ ಓದಿ, ಆಮೇಲೆ ಬರೆಯಿರಿ.

ಪುತ್ತೂರಿನ ನೆಂಟರು ತೋಟದ ಒಣ ಕೋಕೋ ಬೀಜ ಕಳಿಸಿದ್ದಾರೆ. ಹಾಗೇ ತಿನ್ನಬಹುದಾ? – ಬನಶಂಕರಿ

ಹಾಗೇ ಬೇಡ. ಅಂಗಳದಲ್ಲಿ ಒಣಗಿದ ಬೀಜದಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಚೆನ್ನಾಗಿ ಹುರಿದು, ಸಿಪ್ಪೆ ತೆಗೆದು ತಿನ್ನಿ. ಕಹಿ ಇರುತ್ತದೆ, ಬೆಲ್ಲ ಸುರಿಯಬೇಡಿ.