ಕಟಿಂಗ್ ಟೇಬಲ್ ಅಣ್ಣನಿಗಿರಲಿ, ರಜೆ ಯಾರಿಗೆ?

ಪ್ರಶ್ನೆ: ಅಕ್ಕಾ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಜೀನ್ಸ್ ಯೂನಿಟ್ ಇದೆ. ಅಣ್ಣ, ಭಾವ, ನಾನು ನೋಡಿಕೊಳ್ಳುತ್ತೇವೆ. ಅಣ್ಣ ಹೇಳಿದ ಮೇಲೆ ಮುಗೀತು, ಎದುರು ಮಾತಿಲ್ಲ. ನಾನು ಟೈಲರ್‌ಗಳನ್ನು ಕೇಳಿಯೇ ಮಾಡುತ್ತೇನೆ. ಭಾವ 'ಅವರ ಕೆಲಸ ಅವರಿಗೆ ಗೊತ್ತು' ಅಂತ ಬಿಟ್ಟುಬಿಡುತ್ತಾರೆ. ಹೋದ ವಾರ ಅಣ್ಣ ರಜೆ ಇಲ್ಲ ಎಂದ ಹುಡುಗನಿಗೆ ನಾನು ರಜೆ ಕೊಟ್ಟೆ. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಯಾರ ದಾರಿ ಸರಿ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಮೂರೂ ಬೇಕು ತಮ್ಮಾ, ಆದರೆ ಒಂದೇ ಜಾಗದಲ್ಲಿ ಮೂರೂ ಬೇಡ.

ಕಟಿಂಗ್ ಟೇಬಲ್ ನೋಡಿ. ಪದರದ ಮೇಲೆ ಪದರ ಬಟ್ಟೆ ಹಾಸಿರುತ್ತೀರಿ, ಗುರುತು ಒಂದು ಕಡೆ ತಪ್ಪಿದರೂ ಇಡೀ ಲಾಟ್ ಹೋಯಿತು. ಅಲ್ಲಿ ಅಣ್ಣನ ಮಾತೇ ನಡೆಯಲಿ. ಅದೇ ವಾಷಿಂಗ್‌ನಲ್ಲಿ ಬಣ್ಣ ಎಷ್ಟು ಇಳಿಸಬೇಕು ಅನ್ನೋದು ದಿನಾ ಮಷೀನ್ ಮುಂದೆ ನಿಲ್ಲುವವನಿಗೇ ಜಾಸ್ತಿ ಗೊತ್ತು, ಅವನನ್ನು ಕೇಳದೆ ತೀರ್ಮಾನ ಮಾಡಬೇಡಿ. ಪೀಸ್ ರೇಟ್, ಅಂದರೆ ಒಂದೊಂದು ಪೀಸ್‌ಗೆ ಕೊಡುವ ಕೂಲಿ ಕೂಡ ಹಾಗೇ, ಕೂತು ಮಾತಾಡಿಯೇ ನಿಗದಿ ಮಾಡಬೇಕು. ಹತ್ತು ವರ್ಷದಿಂದ ಹೊಲಿಯುತ್ತಿರುವ ಟೈಲರ್‌ಗೆ ಭಾವನ ರೀತಿ ಸರಿ. ಮೊನ್ನೆ ಸೇರಿದ ಹುಡುಗನನ್ನು ಹಾಗೆ ಬಿಟ್ಟರೆ ಪಾಪ, ಅವನು ಯಾರನ್ನು ಕೇಳಬೇಕು?

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಜೊತೆಗಾರರು 1939ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 10 ವರ್ಷದ ಹುಡುಗರ ಗುಂಪುಗಳಿಗೆ ಮೂರು ಬಗೆಯ ಮುಖಂಡರನ್ನು ಕೊಟ್ಟು ನೋಡಿದರು: ಹುಕುಂ ಮಾಡುವವರು, ಕೇಳಿ ಮಾಡುವವರು, ಸುಮ್ನೆ ಬಿಡುವವರು. ಹುಕುಂ ಮಾಡುವವರು ಹೊರಗೆ ಹೋದಾಗ ಕೆಲಸ ಕುಸಿಯಿತು, ಕೇಳಿ ಮಾಡುವವರು ಹೋದಾಗ ಕೆಲಸ ನಡೆಯುತ್ತಲೇ ಇತ್ತು. ಅಣ್ಣ ಬಟ್ಟೆ ತರಲು ಊರು ಬಿಟ್ಟ ದಿನ ನಿಮ್ಮಲ್ಲಿ ಎಷ್ಟು ಪೀಸ್ ಆಗುತ್ತೆ, ರಿಜಿಸ್ಟರ್ ತೆಗೆದು ನೋಡಿ. ಅದನ್ನೇ ಅಣ್ಣನಿಗೂ ತೋರಿಸಿ, ನಿಮ್ಮ ವಾದಕ್ಕಿಂತ ಆ ಲೆಕ್ಕ ಚೆನ್ನಾಗಿ ಮಾತಾಡುತ್ತೆ.

ನನಗೆ ಬೇಜಾರಾಗಿದ್ದು ರಜೆ ವಿಷಯ. ನಿಮ್ಮದು ಒಳ್ಳೆ ಮನಸ್ಸು ಇರಬಹುದು, ಆದರೆ ಇನ್ನು ಮುಂದೆ ಅಲ್ಲಿ ಎಲ್ಲರೂ ಅಣ್ಣ ಬೇಡ ಅಂದಿದ್ದನ್ನು ನಿಮ್ಮ ಹತ್ತಿರ ತರುತ್ತಾರೆ, ಅಲ್ವಾ? ರಜೆ, ಅಡ್ವಾನ್ಸ್ ಎರಡನ್ನೂ ಒಬ್ಬರಿಗೇ ವಹಿಸಿ. ನನ್ನನ್ನು ಕೇಳಿದರೆ ಭಾವನಿಗೆ ಕೊಡಿ, ಅವರೂ ಒಂದು ಹೊಣೆ ಹೊರಲಿ. ಒಪ್ಪಿಗೆ ಇಲ್ಲದಿದ್ದರೆ ಶಟರ್ ಇಳಿಸಿದ ಮೇಲೆ ಮೂವರೇ ಜಗಳವಾಡಿ, ಮಷೀನ್‌ಗಳ ಮುಂದೆ ಬೇಡ.

ಕೊಟ್ಟ ರಜೆ ವಾಪಸ್ ತಗೋಬೇಡಿ, ಆ ಹುಡುಗನ ತಪ್ಪೇನಿದೆ? ಇವತ್ತು ರಾತ್ರಿ ಊಟಕ್ಕೆ ಕೂತಾಗ 'ಅಣ್ಣಾ, ನಿನ್ನನ್ನು ಕೇಳದೆ ಕೊಟ್ಟಿದ್ದು ನನ್ನ ತಪ್ಪು' ಅಂತ ನೀವೇ ಮೊದಲು ಹೇಳಿ. ರಿಜಿಸ್ಟರ್ ಮಾತು ನಾಳೆಗಿರಲಿ.